ಹಲಗೆಯ ಕೆಳಗಿನ ನೆಲ

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಎಣ್ಣೆ, ಸಕ್ಕರೆ, ತಾಮ್ರ, ಹತ್ತಿಗಳ ಧಾರಣೆ ಬರೆಯುತ್ತಿದ್ದವಳನ್ನು ಕಲಾ ಪುಟಕ್ಕೆ ವರ್ಗ ಮಾಡಿದಾಗ ಕಚೇರಿಯವರೆಲ್ಲ ಅದನ್ನು ಶಿಕ್ಷೆಯೆಂದೇ ತಿಳಿದರು. ಅವಳೂ ಹಾಗೆಯೇ ತಿಳಿದಳು. ಸಕ್ಕರೆ ಕಾರ್ಖಾನೆಯ ಮಾಲೀಕರೊಬ್ಬರನ್ನು ತುಂಬಿದ ಸಭೆಯಲ್ಲಿ ಕೇಳಬಾರದ ಪ್ರಶ್ನೆ ಕೇಳಿದ್ದಳು. ಅವರು ನೇರವಾಗಿ ಸಂಪಾದಕರಿಗೆ ಫೋನ್ ಹಚ್ಚಿದ್ದರು.

"ಸ್ವಲ್ಪ ಕಾಲ ಹಾಡು, ಕುಣಿತ ನೋಡ್ಕೊಂಡು ಆರಾಮಾಗಿರಮ್ಮ" ಎಂದು ಸಂಪಾದಕರು ಅವಳ ಮುಖ ನೋಡದೆ ಹೇಳಿದ್ದರು.

ಆರಾಮಾಗಿರುವುದು ಅವಳ ಜಾಯಮಾನವಲ್ಲ. ಹೊಸ ನಾಟಕವೊಂದರ ಪತ್ರಿಕಾಗೋಷ್ಠಿ ಅವಳ ಮೊದಲ ಕೆಲಸವಾಗಿತ್ತು. ಉಳಿದ ವರದಿಗಾರರು ನಿರ್ದೇಶಕರನ್ನು ಈ ಕಥೆ ಹೇಗೆ ಹೊಳೆಯಿತು, ಈ ಬಣ್ಣವೇ ಏಕೆ ಎಂದೆಲ್ಲ ಕೇಳಿದರು. ಇವಳು ಕೈ ಎತ್ತಿ, "ಸರ್, ಈ ಸೆಟ್ಟಿಗೆ ದುಡ್ಡು ಹಾಕಿದ್ದು ಯಾರು? ನಟರಿಗೆ ತಾಲೀಮಿನ ದಿನಗಳಿಗೂ ಸಂಬಳ ಇದೆಯಾ?" ಎಂದಳು. ಹಿಂದಿನ ಸಾಲಿನಿಂದ ಯಾರೋ, "ರೇಟಕ್ಕ ಬಂದ್ರಪ್ಪೋ" ಎಂದರು. ಗೋಷ್ಠಿ ಗೊಳ್ಳೆಂದು ನಕ್ಕಿತು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ರೇಟಕ್ಕನಾದಳು. ತಿಂಗಳು ಕಳೆಯುವುದರಲ್ಲಿ ಅವಳೇ ಫೋನಿನಲ್ಲಿ "ನಾನು ರೇಟಕ್ಕ ಮಾತಾಡ್ತಿರೋದು" ಎನ್ನತೊಡಗಿದಳು.

ಕಲಾ ಪುಟದ ಯಜಮಾನರೆಂದರೆ ಹಿರಿಯ ವಿಮರ್ಶಕರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. ಆಹ್ವಾನಪತ್ರಗಳ ಗುಡ್ಡೆಯ ಹಿಂದೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತು, ನಿಧಾನವಾಗಿ, ಒಂದು ಅಕ್ಷರವೂ ಹೊಡೆದುಹಾಕದೆ ಬರೆಯುತ್ತಿದ್ದರು. ರೇಟಕ್ಕನ ಮೊದಲ ವರದಿಗಳನ್ನು ಓದಿ, "ಇದೇನಮ್ಮ, ನಾಟಕ ನೋಡೋಕೆ ಹೋಗಿದ್ಯೋ, ಗೋಡೌನ್ ಲೆಕ್ಕ ತಗೊಳ್ಳೋಕೆ ಹೋಗಿದ್ಯೋ?" ಎಂದಿದ್ದರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. ದೊಡ್ಡವರು ವೇದಿಕೆಯ ಮೇಲಿನದನ್ನು ಬರೆಯಲಿ, ವೇದಿಕೆಯನ್ನು ಎತ್ತಿ ನಿಲ್ಲಿಸಿರುವುದು ಏನು ಎಂದು ತಾನು ಬರೆಯುತ್ತೇನೆ ಎಂದುಕೊಂಡಳು.

ಹಾಗೆಯೇ ಬರೆದಳು. ಸದಾ ತುಂಬಿರುವ ನಾಟಕಮಂದಿರವೊಂದು ನಷ್ಟದಲ್ಲಿ ನಡೆಯಲು ಅದರ ಮುಂದಿನ ಸಾಲುಗಳೆಲ್ಲ ಪುಕ್ಕಟೆ ಪಾಸಿನವರ ಪಾಲಾಗಿರುವುದೇ ಕಾರಣವೆಂದು ಬರೆದಳು. ಹಾಡಲು ವೇದಿಕೆ ಬೇಕೆಂದರೆ ಗಾಯಕರೇ ಸಂಘಟಕರಿಗೆ ದುಡ್ಡು ಕಟ್ಟಬೇಕಾಗಿದೆ ಎಂದು ಬರೆದಳು. ಜನ ಓದಿದರು. ಕಲಾವಿದರು ಅವಳನ್ನು ಕಂಡರೆ ಮೊದಲು ಹೆದರುತ್ತಿದ್ದರು, ಬರಬರುತ್ತಾ ಪಕ್ಕಕ್ಕೆ ಕರೆದು ಮಾತಾಡತೊಡಗಿದರು. ಶಿಕ್ಷೆಯ ಅವಧಿ ಮುಗಿಯಿತು, ವಾಣಿಜ್ಯ ಪುಟಕ್ಕೆ ವಾಪಸ್ ಬರಬಹುದು ಎಂದು ಸಂಪಾದಕರು ಹೇಳಿದಾಗ ಅವಳು, "ಬೇಡ ಸರ್, ನನಗೆ ಇಲ್ಲೇ ಕೆಲಸ ಇದೆ" ಎಂದಳು.

ಅದೇ ಹೊತ್ತಿಗೆ ಊರಿನಲ್ಲಿ ಹೊಸ ರಂಗಮಂದಿರ ಎದ್ದಿತು. ಹಳೆಯದು ಸೋರುತ್ತಿತ್ತು. ಅಲ್ಲಿನ ಕುರ್ಚಿಗಳು ಕೂತವರ ಬಟ್ಟೆ ಹರಿಯುತ್ತಿದ್ದವು. ಹೊಸದರ ಮೆಟ್ಟಿಲುಗಳಲ್ಲಿ ಮುಖ ಕಾಣುತ್ತಿತ್ತು. ಕಟ್ಟಿಸಿದವರು ಒಬ್ಬ ದೊಡ್ಡ ಬಿಲ್ಡರು. ಅದನ್ನು ನಡೆಸುವ ಟ್ರಸ್ಟಿನ ಅಧ್ಯಕ್ಷರೂ ಅವರೇ. ನೃತ್ಯವೆಂದರೆ ಅವರಿಗೆ ಪ್ರಾಣ, ಪ್ರದರ್ಶನ ನೋಡುತ್ತಾ ಕಣ್ಣೊರೆಸಿಕೊಳ್ಳುವುದನ್ನು ರೇಟಕ್ಕ ತಾನೇ ಕಂಡಿದ್ದಳು. ಬೆಳಕಿನ ಬಗ್ಗೆ, ಸೀಟುಗಳ ಬಗ್ಗೆ, ಟಿಕೆಟ್ ದರದ ಬಗ್ಗೆ ಎಲ್ಲ ಪತ್ರಿಕೆಗಳೂ ಬರೆದವು, ಅವಳೂ ಬರೆದಳು. ವೇದಿಕೆಯ ನೆಲದ ಬಗ್ಗೆ ಯಾರೂ ಬರೆಯಲಿಲ್ಲ.

ಅವಳ ತಂಗಿ ನೃತ್ಯಗಾತಿ. ಊರಿನ ಹೆಸರಾಂತ ತಂಡದಲ್ಲಿ ಮುಖ್ಯ ಪಾತ್ರ ಅವಳದು. ಹೊಸ ರಂಗಮಂದಿರದ ಮೊದಲ ಹಂಗಾಮು ಪೂರ್ತಿ ಆ ತಂಡಕ್ಕೆ ಸಿಕ್ಕಿದಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಹಂಗಾಮಿನ ನಡುವಿನಲ್ಲಿ ತಂಗಿ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅಮ್ಮ ಬಿಸಿನೀರಿನ ಚೀಲ ಕೊಟ್ಟರು, ಎಣ್ಣೆ ತಿಕ್ಕಿದರು, ಬೈದೂ ನೋಡಿದರು. ಒಂದು ದಿನ ಅಡುಗೆಮನೆಯಲ್ಲಿ ಮೇಲಿನ ಡಬ್ಬಕ್ಕೆಂದು ತುದಿಗಾಲಲ್ಲಿ ನಿಂತ ತಂಗಿ ಹಾಗೇ ನೆಲಕ್ಕೆ ಕುಸಿದು ಕೂತಳು. ಅಳಲಿಲ್ಲ. ಮುಖ ಬಿಳುಚಿಕೊಂಡಿತ್ತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು.

"ಡ್ಯಾನ್ಸ್ ಮಾಡ್ತೀರಾ?"

"ಹೂಂ ಡಾಕ್ಟ್ರೇ."

"ಈಚೆಗೆ ನಿಮ್ಮಂಥೋರು ಜಾಸ್ತಿ ಬರ್ತಿದಾರೆ. ಮುಂಚೆ ಮಂಡಿ, ಹಿಮ್ಮಡಿ ಅಂತ ಬರ್ತಿದ್ರು. ಈಗ ಎಲ್ಲರಿಗೂ ಇದೇ ಜಾಗ. ಸಿಮೆಂಟ್ ಮೇಲೆ ಹಾರ್ತೀರೋ ಹೇಗೆ?"

"ಇಲ್ಲ, ಮರದ ವೇದಿಕೆ" ಎಂದಳು ತಂಗಿ.

ಮನೆಗೆ ಮರಳುವಾಗ ಟ್ಯಾಕ್ಸಿಯಲ್ಲಿ ರೇಟಕ್ಕ ಸುಮ್ಮನಿರಲಿಲ್ಲ. "ನಿಜ ಹೇಳು, ನೋವು ಎಲ್ಲಿ ಶುರುವಾಯ್ತು?"

"ತಾಲೀಮಿನ ಹಾಲಲ್ಲಿ ಏನೂ ಆಗಲ್ಲ ಅಕ್ಕ. ಅಲ್ಲಿ ಮಾತ್ರ. ನೆಲ ಅಂದ್ರೆ ನಾವು ಕೊಟ್ಟಿದ್ದರಲ್ಲಿ ಸ್ವಲ್ಪನಾದ್ರೂ ವಾಪಸ್ ಕೊಡಬೇಕು. ಅದು ಏನೂ ಕೊಡಲ್ಲ. ಹಾರಿ ಇಳಿದ್ರೆ ಕಾಲಲ್ಲಿ ಗೋಡೆಗೆ ಗುದ್ದಿದ ಹಾಗಿರುತ್ತೆ." ಅವಳು ಅಕ್ಕನ ಕಡೆ ತಿರುಗಿದಳು. "ನೀನು ಬರೀಬೇಡ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಊರಿಗೆಲ್ಲ ಇರೋದು ಅದೊಂದೇ ಒಳ್ಳೆ ಮಂದಿರ. ನನ್ನಿಂದ ಸುದ್ದಿಯಾಯ್ತು ಅಂದ್ರೆ ತಂಡದ ಮೇಷ್ಟ್ರು ನನ್ನನ್ನ ಹತ್ತಿರ ಸೇರಿಸಲ್ಲ. ಆಣೆ ಮಾಡು."

"ನಿನ್ನ ಬಗ್ಗೆ ಬರೆಯಲ್ಲ" ಎಂದಳು ರೇಟಕ್ಕ. ನೆಲದ ಬಗ್ಗೆ ಬರೆಯುವುದಿಲ್ಲ ಎಂದು ಅವಳು ಹೇಳಲಿಲ್ಲ. ತಂಗಿಗೂ ಅದು ತಿಳಿಯಿತು. ಮನೆ ಬರುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಳು.

ಮರುದಿನದಿಂದ ರೇಟಕ್ಕ ಹುಡುಕಾಟಕ್ಕೆ ಬಿದ್ದಳು. ಕಾಲಿನ ವ್ಯಾಯಾಮ ಮಾಡಿಸುವ ಚಿಕಿತ್ಸಾಲಯದ ಎದುರಿನ ಬೆಂಚಿನಲ್ಲಿ ಕೂತಳು. ಕುಂಟುತ್ತಾ ಬಂದವರಿಗೆ ತಾನು ಯಾರೆಂದು ಮೊದಲೇ ಹೇಳಿ ಮಾತಾಡಿಸಿದಳು. "ಮೆಟ್ಟಿಲಲ್ಲಿ ಜಾರಿದೆ" ಎಂದರು ಒಬ್ಬರು. "ಮೊದಲಿಂದ ಇತ್ತು" ಎಂದರು ಇನ್ನೊಬ್ಬರು. ನೃತ್ಯದ ಮೇಷ್ಟ್ರು ಫೋನಿನಲ್ಲಿ ಬೇಡಿಕೊಂಡಂತೆಯೇ ಹೇಳಿದರು: "ತಂಡ ಕಟ್ಟೋಕೆ ನನ್ನ ಅರ್ಧ ಆಯುಸ್ಸು ಹೋಗಿದೆ ತಾಯಿ. ನನ್ನನ್ನ ಎಳೀಬೇಡ." ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಮುಂದಿನ ಹೆಸರಿಗೆ ಫೋನ್ ಮಾಡಿದಳು.

ಸುಳಿವು ಸಿಕ್ಕಿದ್ದು ಅವಳದೇ ಪತ್ರಿಕೆಯಲ್ಲಿ. ಒಂದು ಬೆಳಿಗ್ಗೆ ಪುಟ ತಿರುವಿದರೆ ಇಡೀ ಪುಟದ ಜಾಹೀರಾತು. ಹೊಸ ಮಾದರಿಯ ಕಾರು, ಸುತ್ತ ಬಣ್ಣದ ಹೊಗೆ, ಹಿಂದೆ ಅದೇ ರಂಗಮಂದಿರದ ಮಡಿಕೆ ಮಡಿಕೆ ಪರದೆ. ಕಾರು ವೇದಿಕೆಯ ನಟ್ಟನಡುವೆ ನಿಂತಿತ್ತು. ರೇಟಕ್ಕ ಕಾಫಿಯ ಲೋಟವನ್ನು ಕೆಳಗಿಟ್ಟು ಆ ಚಕ್ರಗಳನ್ನೇ ನೋಡಿದಳು. ಅಷ್ಟು ಭಾರ ಹೊತ್ತು ಮಿಸುಕದ ನೆಲ ತನ್ನ ತಂಗಿಯಂಥ ಸಣಕಲು ಹುಡುಗಿಯ ಹಾರಾಟಕ್ಕೆ ಬಗ್ಗೀತೇ?

ಕಟ್ಟಡದ ನಕ್ಷೆ ಮೊದಲು ಹಾಕಿದ ಇಂಜಿನಿಯರು ಅರ್ಧದಲ್ಲೇ ಬಿಟ್ಟುಹೋಗಿದ್ದರೆಂಬುದು ಅವಳಿಗೆ ನೆನಪಿತ್ತು. ಅವರ ಕಚೇರಿ ಒಂದು ಔಷಧಿ ಅಂಗಡಿಯ ಮೇಲಿತ್ತು. ಅವಳು ಪ್ರಶ್ನೆ ಪೂರ್ತಿ ಮಾಡುವ ಮುಂಚೆಯೇ ಅವರು ತಲೆಯಾಡಿಸಿದರು.

"ನನ್ನ ನಕ್ಷೆಯಲ್ಲಿ ಪುಟಿಯೋ ನೆಲ ಇತ್ತು. ಮೇಲೆ ಹಲಗೆ, ಕೆಳಗೆ ಮರದ ಪಟ್ಟಿ, ಅದರ ಕೆಳಗೆ ರಬ್ಬರು. ಕಂಪನಿಗಳ ಸಮಾರಂಭಕ್ಕೆ ಗಟ್ಟಿ ನೆಲ ಬೇಕು ಅಂತ ಅದನ್ನ ತೆಗೆಸಿದ್ರು. ಕಾಂಕ್ರೀಟ್ ಹಾಕಿ ಅದರ ಮೇಲೆ ಹಲಗೆ ಅಂಟಿಸಿದಾರೆ. ಕುಣಿಯೋರ ಕಾಲು ಹೋಗುತ್ತೆ ಅಂದೆ. ನನ್ನನ್ನೇ ಕಳಿಸಿದ್ರು."

"ನಿಮ್ಮ ಹೆಸರು ಹಾಕಿ ಬರೀಬಹುದಾ?"

"ಬರೀರಿ. ಯಾರಾದ್ರೂ ಬಂದು ಕೇಳ್ತಾರೆ ಅಂತ ಅಂದುಕೊಂಡಿದ್ದೆ. ಯಾರೂ ಬರಲಿಲ್ಲ."

ಆ ವಾರ ಮುಂದಿನ ಹಂಗಾಮಿನ ಪತ್ರಿಕಾಗೋಷ್ಠಿ ಇತ್ತು. ಅಧ್ಯಕ್ಷರು ನಗುನಗುತ್ತಾ ಕಾರ್ಯಕ್ರಮಗಳನ್ನು ಓದಿ ಮುಗಿಸಿದ ಕೂಡಲೇ ರೇಟಕ್ಕ ಎದ್ದಳು.

"ಸರ್, ವೇದಿಕೆಯ ಹಲಗೆ ಕೆಳಗೆ ಏನಿದೆ?"

"ಒಳ್ಳೆ ಮರಮ್ಮ, ಹಡಗಲ್ಲಿ ತರಿಸಿದ್ದು."

"ಮರದ ಕೆಳಗೆ ಸರ್?"

"ಮರದ ಕೆಳಗೆ ನೆಲ ಇರುತ್ತೆ. ಇನ್ನೇನು, ನೀರಿರುತ್ತಾ?"

ಎಲ್ಲರೂ ನಕ್ಕರು. ನಗು ಅಡಗುವವರೆಗೆ ಅವಳು ನಿಂತೇ ಇದ್ದಳು. "ನೆಲ ಅಂದ್ರೆ ಕಾಂಕ್ರೀಟಾ ಸರ್? ನೃತ್ಯಕ್ಕೆ ಅದು ಸರಿಹೋಗುತ್ತಾ?"

ಅಧ್ಯಕ್ಷರ ಮುಖದ ನಗು ಇಳಿಯಿತು. "ಮುಂದಿನ ಪ್ರಶ್ನೆ" ಎಂದರು.

ಅವಳು ಕಚೇರಿ ಮುಟ್ಟುವ ಮುಂಚೆಯೇ ಅಧ್ಯಕ್ಷರ ಫೋನು ಮುಟ್ಟಿತ್ತು. ಸಂಪಾದಕರ ಕೋಣೆಯಲ್ಲಿ ಜಾಹೀರಾತು ವಿಭಾಗದ ಮುಖ್ಯಸ್ಥರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಇವರಿಗೆ ಮತ್ತೆ ಸಕ್ಕರೆ ನೆನಪಾಗಿದೆ ಅಂತ ಕಾಣುತ್ತೆ" ಎಂದರು. ಸಂಪಾದಕರು ನಗಲಿಲ್ಲ. ಇವಳು ತಂದಿದ್ದನ್ನೆಲ್ಲ ಕೇಳಿದರು, ತಂಗಿಯ ವಿಷಯವನ್ನೂ.

"ನೋಡಮ್ಮ, ಆ ದಿನ ಸಕ್ಕರೆ ವಿಷಯದಲ್ಲಿ ನಾನು ಬಗ್ಗಿದೆ. ಈ ಸಲ ಬಗ್ಗಲ್ಲ. ಆದರೆ ಇಂಜಿನಿಯರ್ ಮಾತಷ್ಟೇ ಸಾಲದು. ಪೆಟ್ಟು ತಿಂದೋರು ಹೆಸರು ಹೇಳಿ ಮಾತಾಡಬೇಕು. ಇನ್ನೊಂದು, ನಿನ್ನ ಒಡಹುಟ್ಟಿದೋಳು ಅದೇ ವೇದಿಕೆ ಮೇಲೆ ಕಾಲು ಮುರ್ಕೊಂಡಿದಾಳೆ. ಅದನ್ನ ಮುಚ್ಚಿಟ್ಟು ಈ ವರದಿ ಹಾಕೋಕಾಗಲ್ಲ. ನಾಳೆ ಅವರೇ ಅದನ್ನ ಎತ್ತಿ ತೋರಿಸ್ತಾರೆ, ತಂಗಿಗೋಸ್ಕರ ಬರೆದಳು ಅಂತಾರೆ. ಅವಳು ಒಪ್ಪಿದ್ರೆ ವರದಿ, ಇಲ್ಲಾಂದ್ರೆ ಇಲ್ಲ."

ಸಂಪಾದಕರ ಮಾತು ಸರಿಯೇ. ಅದು ಸರಿಯೆಂಬುದೇ ಕಷ್ಟವಾಗಿತ್ತು. ಕೊಟ್ಟ ಮಾತನ್ನು ಮುರಿಯುವುದು ರೇಟಕ್ಕನಿಂದಾಗದು, ಕೈಗೆ ಬಂದ ವರದಿಯನ್ನು ಬಿಡುವುದೂ ಆಗದು.

ಮನೆಯಲ್ಲಿ ವಿಷಯ ಎತ್ತಿದ್ದೇ ತಡ, ತಂಗಿ ಎದ್ದು ಕೋಣೆಯ ಬಾಗಿಲು ಹಾಕಿಕೊಂಡಳು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಅವಳ ಕಾಲು ಅವಳದು, ನಿನ್ನ ಪೇಪರಿನದ್ದಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆಯೇ, "ಹಾಗಂತ ನೀನು ತಪ್ಪು ಮಾಡ್ತಿದೀಯ ಅಂತಲೂ ನಾನು ಹೇಳ್ತಿಲ್ಲ" ಎಂದರು.

ಅಕ್ಕತಂಗಿಯರು ಆಮೇಲೆ ಉಪ್ಪು ಕೊಡು, ಟವೆಲ್ ಎಲ್ಲಿ ಎನ್ನುವಷ್ಟೇ ಮಾತಾಡಿದರು. ರೇಟಕ್ಕ ಒತ್ತಾಯ ಮಾಡಲಿಲ್ಲ. ವರದಿಯನ್ನು ಮಾತ್ರ ಪೂರ್ತಿ ಬರೆದು, ತಂಗಿಯ ಸಾಲುಗಳು ಬರಬೇಕಾದ ಕಡೆ ಖಾಲಿ ಬಿಟ್ಟು, ಕಂಪ್ಯೂಟರಿನಲ್ಲಿ ಇಟ್ಟುಕೊಂಡಳು.

ಒಂದು ಭಾನುವಾರ ತಂಡದ ಹೊಸ ಹುಡುಗಿ ಮನೆಗೆ ಬಂದಳು. ತಂಗಿಯ ಪಾತ್ರ ಈಗ ಅವಳಿಗೆ ಸಿಕ್ಕಿತ್ತು. ಕೆಲವು ಹೆಜ್ಜೆಗಳನ್ನು ಕೇಳಿ ತಿಳಿದುಕೊಂಡು ಬಾ ಎಂದು ಮೇಷ್ಟ್ರು ಕಳಿಸಿದ್ದರು. ತಂಗಿ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಕೈಬೆರಳುಗಳನ್ನೇ ಕಾಲು ಮಾಡಿ ಮೇಜಿನ ಮೇಲೆ ಕುಣಿಸಿ ತೋರಿಸಿದಳು. ಹುಡುಗಿ ಹಜಾರದ ನಡುವೆ ನಿಂತು ಮಾಡಿದಳು. ಚೆನ್ನಾಗಿಯೇ ಮಾಡಿದಳು. ಒಂದು ಹಾರುವ ಹೆಜ್ಜೆಯ ಹತ್ತಿರ ಮಾತ್ರ ಪ್ರತಿ ಸಲವೂ ಎಡಗಾಲಿನ ಮೇಲೆ ಭಾರ ಬೀಳದಂತೆ ಇಳಿಯುತ್ತಿದ್ದಳು.

"ಪ್ಯಾಂಟ್ ಮೇಲೆತ್ತು" ಎಂದಳು ತಂಗಿ.

"ಯಾಕಕ್ಕ?"

"ಎತ್ತು ಅಂದೆ."

ಎಲುಬಿನುದ್ದಕ್ಕೂ ಅಂಟುಪಟ್ಟಿ ಬಿಗಿದಿತ್ತು. ಪಟ್ಟಿಯ ಅಂಚಿನಲ್ಲಿ ಚರ್ಮ ಕೆಂಪಗೆ ಊದಿಕೊಂಡಿತ್ತು.

"ಮೇಷ್ಟ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಪಾತ್ರ ಹೋಗುತ್ತಲ್ಲ" ಎಂದಳು ಹುಡುಗಿ. ನಾಚಿಕೆಯಿಂದ ನಕ್ಕಳು ಕೂಡ.

ತಂಗಿ ಅವಳನ್ನು ಕೂರಿಸಿ ಆ ಪಟ್ಟಿಯನ್ನು ತಾನೇ ನಿಧಾನವಾಗಿ ಬಿಚ್ಚಿದಳು. ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕೆಂದು ಮಾತು ತೆಗೆದುಕೊಂಡು ಕಳಿಸಿದಳು. ಬಾಗಿಲು ಮುಚ್ಚಿದ ಮೇಲೆ ಊರುಗೋಲು ಊರುತ್ತಾ ಅಕ್ಕನ ಮೇಜಿನ ಬಳಿ ಬಂದು ನಿಂತಳು.

"ಅವಳದ್ದು ಹಾಕಬೇಡ, ಅವಳು ಚಿಕ್ಕೋಳು. ನನ್ನದು ಹಾಕು. ಹೆಸರು, ಫೋಟೋ, ಎಕ್ಸ್-ರೇ ಎಲ್ಲ ಹಾಕು. ಇನ್ನೂ ಮೂರ್ನಾಲ್ಕು ಜನಕ್ಕೆ ನಾನೇ ಫೋನ್ ಮಾಡ್ತೀನಿ. ನೀನು ಮಾಡಿದ್ರೆ ಹೆದರ್ತಾರೆ."

"ಮೇಷ್ಟ್ರು?"

"ಮೇಷ್ಟ್ರ ಹತ್ರ ನಾನು ಮಾತಾಡ್ಕೋತೀನಿ. ನೀನು ಮೊದಲು ಬರಿ, ನನ್ನ ಮನಸ್ಸು ಬದಲಾಗೋ ಮುಂಚೆ."

ತಂಗಿ ಫೋನು ಮಾಡಿ ಕೇಳಿದವರಲ್ಲಿ ಇಬ್ಬರು ಒಪ್ಪಿದರು. ವರದಿ ಪುಟಕ್ಕೆ ಹೋಗುವ ದಿನ ದೊಡ್ಡವರು ಅದನ್ನು ಓದಲು ಕೇಳಿದರು. ಓದಿ ಮುಗಿಸಿ ಬಹಳ ಹೊತ್ತು ಮಫ್ಲರಿನ ತುದಿ ತಿರುಚುತ್ತಾ ಕೂತರು. "ಆ ಮಂದಿರಕ್ಕೆ ಹೋದ ಮೇಲೆ ಇವರು ಹಾರೋದು ಕಡಿಮೆಯಾಗಿದೆ ಅಂತ ನಾನು ಗಮನಿಸಿದ್ದೆ. ಸೋಮಾರಿಗಳಾಗಿದಾರೆ ಅಂತ ವಿಮರ್ಶೆಯಲ್ಲಿ ಬರೆದೂ ಇದ್ದೆ. ಈ ವಾರದ ನನ್ನ ಅಂಕಣದ ಜಾಗ ನೀನೇ ತಗೋ. ನಿನಗೆ ಜಾಗ ಸಾಲಲ್ಲ." ತಾವು ತಪ್ಪು ಬರೆದಿದ್ದೆವೆಂದು ನಾಲ್ಕು ಸಾಲು ಬರೆದು ಕೆಳಗೆ ಸಹಿ ಮಾಡಿಕೊಟ್ಟರು.

ವರದಿ ಬಂತು. ತಂಗಿ ಯಾರೆಂಬುದು ಎರಡನೆಯ ಪ್ಯಾರಾದಲ್ಲೇ ಇತ್ತು. ಆ ಬೆಳಿಗ್ಗೆಯೇ ರಂಗಮಂದಿರ ತನ್ನ ಜಾಹೀರಾತುಗಳನ್ನೆಲ್ಲ ವಾಪಸ್ ಪಡೆಯಿತು. ತಿಂಗಳು ತುಂಬುವಷ್ಟರಲ್ಲಿ ಕಲಾ ಪುಟ ಅರ್ಧ ಪುಟವಾಯಿತು. ಜಾಹೀರಾತು ವಿಭಾಗದವರು ಲಿಫ್ಟಿನಲ್ಲಿ ರೇಟಕ್ಕನನ್ನು ಕಂಡರೆ ಮೆಟ್ಟಿಲು ಹತ್ತಿ ಹೋಗತೊಡಗಿದರು. ಮೇಷ್ಟ್ರು ತಂಗಿಯ ಫೋನ್ ಎತ್ತಲಿಲ್ಲ.

ಒಂದು ಮಧ್ಯಾಹ್ನ ಅಧ್ಯಕ್ಷರೇ ರೇಟಕ್ಕನನ್ನು ರಂಗಮಂದಿರಕ್ಕೆ ಕರೆಸಿದರು. ಖಾಲಿ ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿಸಿದ್ದರು.

"ಈ ಊರಲ್ಲಿ ಯಾರೂ ಮಂದಿರ ಕಟ್ಟಲಿಲ್ಲ, ನಾನು ಕಟ್ಟಿದೆ" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಕಾರು ಕಂಪನಿಯೋರು ಬಂದು ಹೋಗೋದ್ರಿಂದ ನಡೀತಿದೆ ಇದು. ಅವರು ಬರದೇ ಇದ್ರೆ ನಿಮ್ಮ ಡ್ಯಾನ್ಸಿನೋರು ಈಗ ಕೊಡೋ ಬಾಡಿಗೆಗೆ ಮೂರರಷ್ಟು ಕೊಡಬೇಕು. ಅದನ್ನ ಯಾಕೆ ಬರೀಲಿಲ್ಲ?"

"ಬರೀತೀನಿ ಸರ್. ನೀವು ಆವತ್ತೇ ಉತ್ತರ ಕೊಟ್ಟಿದ್ರೆ ಆವತ್ತೇ ಬರೀತಿದ್ದೆ." ಅವಳು ನೆಲ ನೋಡಿದಳು. "ಕಾರೂ ಬರಲಿ. ನೃತ್ಯ ಇರೋ ದಿನ ಮೇಲೆ ಜೋಡಿಸಿ ಆಮೇಲೆ ತೆಗೆಯೋ ಪುಟಿಯೋ ಹಲಗೆಗಳು ಸಿಗ್ತವೆ. ಇಂಜಿನಿಯರನ್ನ ಕೇಳಿದೀನಿ. ಜೋಡಿಸೋಕೆ ಒಂದು ದಿನ ಬೇಕು, ಆ ದಿನ ನಿಮಗೆ ಬಾಡಿಗೆ ಬರಲ್ಲ. ಆ ನಷ್ಟ ಯಾರು ಹೊರೋದು ಅನ್ನೋದೊಂದೇ ಪ್ರಶ್ನೆ."

"ಯಾರು ಹೊರಬೇಕು?"

"ಅದನ್ನ ನೀವೂ ಅವರೂ ಕೂತು ಮಾತಾಡಬೇಕು. ನನ್ನ ಕೆಲಸ ಕೇಳೋದು."

ಅಧ್ಯಕ್ಷರು ಎದ್ದು ಹೊರಟುಹೋದರು. ಅವರನ್ನು ಮಾತಿಗೆ ಕೂರಿಸಿದ್ದು ವರದಿಯೊಂದೇ ಅಲ್ಲ, ತಂಗಿ ಕೂಡ. ಪ್ಲಾಸ್ಟರ್ ತೆಗೆದ ಮೇಲೆ ಅವಳು ಊರಿನ ಒಂದೊಂದೇ ನೃತ್ಯ ತಂಡದ ಬಾಗಿಲು ತಟ್ಟಿದಳು. ಪುಟಿಯುವ ನೆಲ ಬರುವವರೆಗೆ ಆ ವೇದಿಕೆಗೆ ಹತ್ತುವುದಿಲ್ಲ ಎಂದು ಒಬ್ಬೊಬ್ಬರಿಂದ ಮಾತು ತೆಗೆದುಕೊಂಡಳು. ಕೆಲವರು ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದರು, ಅವಳು ಮತ್ತೆ ಹೋದಳು. ಮೇಷ್ಟ್ರು ಕೊನೆಯಲ್ಲಿ ಒಪ್ಪಿದರು. ಆ ಹೊತ್ತಿಗೆ ಅವರ ಹೊಸ ಹುಡುಗಿಗೂ ಪ್ಲಾಸ್ಟರ್ ಬಿದ್ದಿತ್ತು. ಹಂಗಾಮು ಪೂರ್ತಿ ಆ ವೇದಿಕೆಯ ಮೇಲೆ ನೃತ್ಯವೇ ಆಗಲಿಲ್ಲ. ತಂಡಗಳು ಶಾಲೆಯ ಅಂಗಳಗಳಲ್ಲಿ, ಹಳೆಯ ಸೋರುವ ಮಂದಿರದಲ್ಲಿ ಆಡಿದವು. ರೇಟಕ್ಕ ಅರ್ಧ ಪುಟದಲ್ಲೇ ಪ್ರತಿ ವಾರ ಬರೆದಳು. ಅಧ್ಯಕ್ಷರ ಬಾಡಿಗೆಯ ಲೆಕ್ಕವನ್ನೂ ಬರೆದಳು, ಅವರು ಹೇಳಿದ್ದು ಸುಳ್ಳಲ್ಲ ಎಂದೂ ಬರೆದಳು. ಅದನ್ನು ಓದಿದ ಮೇಲೆ ಅವರು ಮಾತಿಗೆ ಬಂದರು.

ಹಲಗೆಗಳು ಬಂದವು. ಬಾಡಿಗೆ ಸ್ವಲ್ಪ ಏರಿತು, ಟಿಕೆಟ್ಟೂ ಏರಿತು, ಪ್ರೇಕ್ಷಕರು ಗೊಣಗಿಕೊಂಡೇ ಬಂದರು. ತಂಗಿಯ ಎಲುಬು ಕೂಡಿತು, ಆದರೆ ಮೊದಲಿನ ಹಾರಾಟ ಬರಲಿಲ್ಲ. ಒಂದು ವರ್ಷ ಪ್ರಯತ್ನಪಟ್ಟು, ಒಂದು ದಿನ ತಾಲೀಮಿನಿಂದ ಬಂದು, "ಸಾಕು" ಎಂದಳು. ಅಂದು ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಅಕ್ಕನೂ ಪಕ್ಕದಲ್ಲಿ ಕೂತು ಅತ್ತಳು, ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಮುಂದೆ ತಂಡಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡು ಅದನ್ನು ನಡೆಸಲು ತಂಗಿಯನ್ನೇ ಕೇಳಿದವು. ಬಾಡಿಗೆ, ಒಪ್ಪಂದ, ಪ್ರವಾಸ, ವಿಮೆ ಎಲ್ಲ ಅವಳ ಕೈಗೆ ಬಂತು. ಮಾತಿನ ಮೇಜಿನಲ್ಲಿ ಅವಳು ಎಂಥ ಗಟ್ಟಿಗಿತ್ತಿ ಎಂಬುದು ಅಧ್ಯಕ್ಷರಿಗೇ ಮೊದಲು ಗೊತ್ತಾಯಿತು. "ಅಕ್ಕನೇ ವಾಸಿ" ಎಂದು ಅವರು ಯಾರ ಹತ್ತಿರವೋ ಹೇಳಿದರಂತೆ.

ಒಕ್ಕೂಟದ ಮೊದಲ ಪತ್ರಿಕಾಗೋಷ್ಠಿಗೆ ಹೋಗುವಂತೆ ಸಂಪಾದಕರು ಬೇರೆ ವರದಿಗಾರನಿಗೆ ಹೇಳಿದರು. ತಂಗಿಯ ಸುದ್ದಿ ಅಕ್ಕ ಮಾಡುವುದು ಸರಿಯಲ್ಲ ಎಂದರು. ರೇಟಕ್ಕ ಒಪ್ಪಿದಳು. ಆದರೆ ಆ ವರದಿಗಾರ ಹೊಸಬ. ಏನು ಕೇಳಲಿ ಎಂದು ಅವಳ ಮೇಜಿಗೇ ಬಂದ.

ಅವಳಿಗೆ ಪ್ರಶ್ನೆ ಗೊತ್ತಿತ್ತು. ಒಕ್ಕೂಟದ ತಂಡಗಳಲ್ಲಿ ಕಲಿಯುವ ಹುಡುಗಿಯರು ವರ್ಷಗಟ್ಟಲೆ ಬಿಟ್ಟಿಯಾಗಿ ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದರು. ಇದನ್ನು ಅವಳಿಗೆ ಹೇಳಿದ್ದು ಸ್ವತಃ ತಂಗಿಯೇ, ಊಟದ ಹೊತ್ತಿನಲ್ಲಿ, ಬೇಸರಪಟ್ಟುಕೊಂಡು. ರೇಟಕ್ಕ ತಂಗಿಗೆ ಫೋನ್ ಮಾಡಿದಳು.

"ನಾಳೆ ಕಲಿಯೋ ಹುಡುಗಿಯರ ಸಂಬಳದ ಬಗ್ಗೆ ಕೇಳ್ತಾರೆ. ಪ್ರಶ್ನೆ ನಂದು. ಮುಂಚೆನೇ ಹೇಳ್ತಿದೀನಿ."

"ಮನೇಲಿ ಹೇಳಿದ್ದನ್ನ ತಗೊಂಡು ಹೀಗೆ ಮಾಡ್ತೀಯಾ?"

"ನೀನು ಹೇಳದೇ ಇದ್ರೂ ಕೇಳಿಸ್ತಿದ್ದೆ."

"ಗೊತ್ತು ಬಿಡು" ಎಂದಳು ತಂಗಿ. ಪಕ್ಕದಲ್ಲಿದ್ದ ಯಾರಿಗೋ, ನಾಳೆಯ ಗೋಷ್ಠಿಗೆ ಮೊದಲು ತಂಡದವರನ್ನೆಲ್ಲ ಒಂದು ಗಂಟೆ ಮುಂಚೆ ಬರಹೇಳಿ, ಸಂಬಳದ ವಿಷಯ ಅಷ್ಟರೊಳಗೆ ತೀರ್ಮಾನ ಆಗಬೇಕು ಎಂದು ಹೇಳುವುದು ಕೇಳಿಸಿತು. ಆಮೇಲೆ ಫೋನ್ ಇಟ್ಟಳು.